ಓರೆ ನಿವೇಶನದ ಮನೆ: ತಾರಸಿಯ ಖರ್ಚು ತಗ್ಗಿಸುವುದು ಹೇಗೆ?

ಮಂಡ್ಯದ ಸುತ್ತ ನಾಲೆಯ ಏರಿಗೆ ತಾಗಿದಂತೆ ಎದ್ದ ಬಡಾವಣೆಗಳಲ್ಲಿ, ಮೈಸೂರಿನಲ್ಲಿ ವೃತ್ತಕ್ಕೆ ಬಂದು ಕೂಡುವ ರಸ್ತೆಗಳ ಮೂಲೆಗಳಲ್ಲಿ, ನಾಲ್ಕು ಬದಿಗೂ ನಾಲ್ಕು ಅಳತೆಯಿರುವ ನಿವೇಶನಗಳು ಸಿಗುತ್ತವೆ. ಹಿಂದೆ ಅಗಲವಾಗಿದ್ದರೆ ಗೋಮುಖಿ, ಮುಂದೆ ಅಗಲವಾಗಿದ್ದರೆ ವ್ಯಾಘ್ರಮುಖಿ. ಎರಡನೆಯದೆಂದರೆ ವಾಸ್ತು ನೋಡುವವರು ಹಿಂಜರಿಯುವುದರಿಂದ ಬೆಲೆಯಲ್ಲಿ ಚೌಕಾಸಿಗೆ ಅವಕಾಶವಿರುತ್ತದೆ. ಆದರೆ ಹಾಗೆ ಉಳಿಸಿದ ಹಣ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕುವ ಹೊತ್ತಿಗೆ ಕೈಬಿಟ್ಟು ಹೋಗುವುದುಂಟು. ನೆಲದ ಓರೆಯನ್ನು ಗೋಡೆಗೂ, ಗೋಡೆಯ ಓರೆಯನ್ನು ತಾರಸಿಗೂ ಏರಿಸುವುದೇ ಇದಕ್ಕೆ ಕಾರಣ. ಓರೆ ಕಾಂಪೌಂಡಿನಲ್ಲೇ ನಿಲ್ಲಬೇಕು.

ಮೊದಲ ಕೆಲಸ ಅಳತೆ. ನಾಲ್ಕು ಬದಿಗಳನ್ನಷ್ಟೇ ಅಳೆದರೆ ಆಕಾರ ನಿಶ್ಚಯವಾಗುವುದಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೂ ಟೇಪು ಹಿಡಿದು, ನಿವೇಶನವನ್ನು ಎರಡು ತ್ರಿಕೋನಗಳಾಗಿ ಕಾಗದದ ಮೇಲೆ ಇಳಿಸಬೇಕು. ಖಾತೆಯಲ್ಲಿ ಬರೆದ ಅಳತೆಯನ್ನೇ ನಂಬಿ ನಕ್ಷೆ ಬರೆಸುವುದು ಸರಿಯಲ್ಲ. ಅನಂತರ ಸ್ಥಳೀಯ ಸಂಸ್ಥೆಯ ನಿಯಮದಂತೆ ಸುತ್ತ ಬಿಡಬೇಕಾದ ಜಾಗವನ್ನು ಕಳೆದು, ಕಟ್ಟಲು ಉಳಿಯುವ ಆಕಾರವನ್ನು ಗುರುತಿಸಬೇಕು.

ಆ ಆಕಾರ ಮುಂದೆ 34 ಅಡಿ, ಹಿಂದೆ 24 ಅಡಿ, ಉದ್ದ 40 ಅಡಿ ಇದ್ದು, ಒಂದು ಬದಿ ಮಾತ್ರ ಓರೆಯಾಗಿದೆ ಎಂದಿಟ್ಟುಕೊಳ್ಳೋಣ. ಅದರೊಳಗೆ 24×40ರ ನೇರ ಆಯತವೊಂದಿದೆ, ಪಕ್ಕದಲ್ಲಿ 200 ಚದರ ಅಡಿಯ, ಅಂದರೆ ಮೇಸ್ತ್ರಿಗಳ ಲೆಕ್ಕದಲ್ಲಿ ಎರಡು ಚದರದ ತ್ರಿಕೋನವೊಂದಿದೆ. ಈ ತ್ರಿಕೋನದ ಮೇಲೂ ಐದು ಇಂಚಿನ ತಾರಸಿ ಹಾಕಿದರೆ ಸುಮಾರು 83 ಘನ ಅಡಿ ಕಾಂಕ್ರೀಟ್ ಬೇಕು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣವಾದರೆ ಸುಮಾರು 19 ಮೂಟೆ ಸಿಮೆಂಟ್ ಅಷ್ಟಕ್ಕೇ ಹೋಗುತ್ತದೆ. ಕಾಂಕ್ರೀಟಿಗೆ ಅಚ್ಚಾಗಿ ಕೆಳಗೆ ಕಟ್ಟುವ ಸೆಂಟ್ರಿಂಗ್, ಪ್ಯಾರಪೆಟ್, ನೀರು ಸೋರದಂತೆ ಮಾಡುವ ಲೇಪನ ಬೇರೆ.

ಕಬ್ಬಿಣದ ನಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಆರು ಇಂಚಿಗೊಂದರಂತೆ ಅಡ್ಡ ಸರಳು ಹಾಕುತ್ತಾ ಹೋದರೆ 40 ಅಡಿ ಉದ್ದಕ್ಕೆ ಸುಮಾರು 80 ಸರಳುಗಳು ಬರುತ್ತವೆ, ಮತ್ತು ಓರೆಯ ಕಾರಣದಿಂದ ಪ್ರತಿಯೊಂದೂ ಹಿಂದಿನದಕ್ಕಿಂತ ಒಂದೂವರೆ ಇಂಚು ಚಿಕ್ಕದಾಗಿರಬೇಕು. ಎಂಬತ್ತು ಸರಳಿಗೆ ಎಂಬತ್ತು ಅಳತೆ ಹಿಡಿದು ಕತ್ತರಿಸುವ ತಾಳ್ಮೆ ಯಾವ ಬಾರ್ ಬೆಂಡರಿಗೂ ಇರುವುದಿಲ್ಲ, ಇರಬೇಕೆಂದು ಬಯಸುವುದೂ ನ್ಯಾಯವಲ್ಲ. ಆತ ಹತ್ತು ಹದಿನೈದನ್ನು ಒಂದೇ ಅಳತೆಗೆ ಕತ್ತರಿಸಿ, ಹೆಚ್ಚಾದುದನ್ನು ಮಡಚಿ ಒಳಗೆ ಸೇರಿಸುತ್ತಾನೆ. 40 ಅಡಿಯ ಪೂರ್ಣ ಸರಳಿನಿಂದ ಉಳಿದ ತುಂಡುಗಳೂ ಒಂದೊಂದು ಉದ್ದವಾಗಿದ್ದು, ಕೊನೆಗೆ ಗುಜರಿ ತೂಕಕ್ಕೆ ಹೋಗುತ್ತವೆ. ಸೆಂಟ್ರಿಂಗ್‌ನ ಕಬ್ಬಿಣದ ಹಲಗೆಗಳೂ ಆಯತಾಕಾರದವೇ ಆದ್ದರಿಂದ, ಓರೆಯ ಅಂಚಿನುದ್ದಕ್ಕೂ ಪ್ಲೈವುಡ್ ಕೊಯ್ದು ತುಂಬಿಸಬೇಕಾಗುತ್ತದೆ.

ಹಾಗೆಂದು ತ್ರಿಕೋನವನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕಾಗಿಲ್ಲ. ಓರೆಯನ್ನು ಮೆಟ್ಟಿಲಾಗಿ ಒಡೆಯುವುದು ಎರಡನೆಯ ಹಂತ. ಮುಂದಿನ 20 ಅಡಿ ಉದ್ದಕ್ಕೆ ಮನೆಯನ್ನು 29 ಅಡಿ ಅಗಲ ಮಾಡಿ, ಹಿಂದಿನ 20 ಅಡಿಗೆ 24 ಅಡಿಯಲ್ಲೇ ನಿಲ್ಲಿಸಿದರೆ, ತ್ರಿಕೋನದ ಅರ್ಧ ಭಾಗ ಮನೆಯೊಳಗೆ ಬಂತು, ಮೂಲೆಗಳೆಲ್ಲ ನೇರವಾಗಿಯೇ ಉಳಿದವು. ಹಿಂದಿನ ಅರ್ಧದಲ್ಲಿ ಓರೆಯ ಕಡೆಗಿರುವ ಹೊರಗೋಡೆಯನ್ನು ಅದೇ ಗೆರೆಯಲ್ಲಿ ಮುಂದಕ್ಕೂ ಎಳೆದರೆ, ಹೆಚ್ಚುವರಿ ಐದು ಅಡಿಯ ಪಟ್ಟಿಯಲ್ಲಿ ಗೋಡೆ ಕಳೆದು ನಾಲ್ಕೂಕಾಲು ಅಡಿ ಸಿಗುತ್ತದೆ. ಮಹಡಿ ಮೆಟ್ಟಿಲಿಗೂ ಒಂದು ಶೌಚಾಲಯಕ್ಕೂ ಅದು ಸಾಕು. ಹೊರಗುಳಿಯುವ ಎರಡು ಸಣ್ಣ ಮೂಲೆಗಳಲ್ಲಿ ಒಂದಕ್ಕೆ ನೀರಿನ ಸಂಪು, ಇನ್ನೊಂದಕ್ಕೆ ಕರಿಬೇವಿನ ಗಿಡ. ಪಾಯ ಗುರುತು ಹಾಕುವಾಗ ಪ್ರತಿ ಮೂಲೆಯಲ್ಲೂ ಒಂದು ಬದಿಗೆ 6 ಅಡಿ, ಇನ್ನೊಂದಕ್ಕೆ 8 ಅಡಿ ಅಳೆದು, ಅವುಗಳ ನಡುವೆ ಸರಿಯಾಗಿ 10 ಅಡಿ ಬರುತ್ತದೆಯೇ ಎಂದು ಮನೆಯವರೇ ನಿಂತು ನೋಡುವುದು ಒಳ್ಳೆಯದು. ದಾರವನ್ನು ಕಣ್ಣಂದಾಜಿನಲ್ಲಿ ಕಾಂಪೌಂಡಿಗೆ ಸಮಾನಾಂತರವಾಗಿ ಎಳೆದುಬಿಡುವ ತಪ್ಪು ನಡೆಯುವುದು ಇಲ್ಲಿಯೇ.

ಮೂರನೆಯದಾಗಿ ಕೋಣೆಯ ಅಗಲ. ನಾಲ್ಕೂ ಕಡೆ ಗೋಡೆಯ ಮೇಲೆ ಕೂರುವ ತಾರಸಿಯ ಕಿರಿಯ ಬದಿ ಮೂರೂವರೆ ಮೀಟರ್, ಅಂದರೆ ಹನ್ನೊಂದೂವರೆ ಅಡಿ ದಾಟದಿದ್ದರೆ, ಸಾಮಾನ್ಯ ಮನೆಗೆ ಐದು ಇಂಚು ದಪ್ಪ ಸಾಕಾಗುತ್ತದೆ, ನಡುವೆ ಬೀಮ್ ಬೇಕಾಗುವುದಿಲ್ಲ. ನಮ್ಮ 24 ಅಡಿಯಲ್ಲಿ ಒಂಬತ್ತು ಇಂಚಿನ ಮೂರು ಗೋಡೆಗಳನ್ನು ಕಳೆದರೆ, ಹತ್ತಡಿ ಹತ್ತು ಇಂಚಿನ ಎರಡು ಸಾಲು ಕೋಣೆಗಳು ಸಲೀಸಾಗಿ ಕೂರುತ್ತವೆ. ಹದಿನಾರು ಅಡಿಯ ಹಜಾರ ಬೇಕೆಂಬ ಆಸೆ ತಪ್ಪಲ್ಲ, ಆದರೆ ಅದರ ಬೆಲೆ ಬೀಮಿನ ಕಬ್ಬಿಣದಲ್ಲಿ ಬರುತ್ತದೆ ಎಂಬುದು ತಿಳಿದಿರಲಿ.

ಹೀಗೆ ಆಕಾರ ನೇರವಾದ ಮೇಲೆ ಫಿಲ್ಲರ್ ಸ್ಲ್ಯಾಬ್ ಬಗ್ಗೆ ಯೋಚಿಸಬಹುದು. ತಾರಸಿಯ ಕೆಳಭಾಗದ ಕಾಂಕ್ರೀಟ್ ಸರಳನ್ನು ಹಿಡಿದಿಡುತ್ತದೆಯೇ ಹೊರತು ಭಾರ ಹೊರುವುದರಲ್ಲಿ ಅದರ ಪಾಲು ಕಡಿಮೆ. ಆದ್ದರಿಂದ ಸರಳುಗಳ ಚೌಕಗಳ ನಡುವೆ ಮಂಗಳೂರು ಹೆಂಚು ಇಟ್ಟು ಅಷ್ಟು ಕಾಂಕ್ರೀಟನ್ನು ಉಳಿಸುತ್ತಾರೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ವಿಧಾನವಿದು. ಹೆಂಚನ್ನು ಮೊದಲೇ ನೀರಿನಲ್ಲಿ ನೆನೆಸಬೇಕು, ಇಲ್ಲವಾದರೆ ಅದು ಕಾಂಕ್ರೀಟಿನ ನೀರನ್ನು ಹೀರಿಕೊಳ್ಳುತ್ತದೆ. ಸರಳಿನ ಲೆಕ್ಕವನ್ನು ಎಂಜಿನಿಯರೇ ಮಾಡಬೇಕು. ಓರೆ ತಾರಸಿಯಲ್ಲಿ ಈ ಚೌಕಗಳು ಅಂಚಿಗೆ ಬಂದು ಮುರಿದುಹೋಗುವುದರಿಂದ ಉಳಿತಾಯವೂ ಸೊರಗುತ್ತದೆ.

ಕಾರು ನಿಲ್ಲಿಸುವ ಜಾಗಕ್ಕೆ ಆರ್‌ಸಿಸಿ, ಅಂದರೆ ಸರಳು ಹಾಕಿದ ಕಾಂಕ್ರೀಟಿನ ತಾರಸಿಯೇ ಬೇಕೆಂದಿಲ್ಲ. ಒಂದೇ ಕಡೆಗೆ ಇಳಿಜಾರಾದ ಶೀಟು ಅಥವಾ ಹೆಂಚಿನ ಮಾಡು ಸಾಕು. ಅದರ ಅಂಚನ್ನೂ ಕಾಂಪೌಂಡಿನ ಓರೆಗೆ ಹೊಂದಿಸದೆ ಮನೆಯ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಬೇಕು. ಎರಡು ಇಳಿಜಾರು ಒಳಮುಖವಾಗಿ ಕೂಡುವ ಮಾಡು ದುಬಾರಿ, ಮೊದಲು ಸೋರುವುದೂ ಆ ಕೂಡುಗೆರೆಯೇ.

ಇನ್ನು ಕೈ ಬಿಗಿ ಹಿಡಿಯಬಾರದ ಕಡೆಗಳಿವೆ. ಸರಳನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ 20 ಮಿಲಿಮೀಟರ್ ಬಿಲ್ಲೆ, ಅಂದರೆ ಕವರ್ ಬ್ಲಾಕ್, ಸರಳಿನ ಕೆಳಗೆ ಇರಲೇಬೇಕು. ಜಲ್ಲಿ ಕಲ್ಲನ್ನು ಒತ್ತುಕೊಟ್ಟು ಸುಮ್ಮನಾಗುವ ರೂಢಿಯನ್ನು ಒಪ್ಪಬಾರದು. ಮೋಲ್ಡ್ ದಿನ ಕೆಲಸದವರಿಗೆ ಬಾಡೂಟ ಹಾಕುವುದು ನಮ್ಮ ಕಡೆ ಇರುವ ಪದ್ಧತಿ, ಆದರೆ ಊಟ ಕಾಂಕ್ರೀಟ್ ಮುಗಿದ ಮೇಲಿರಲಿ. ನಡುವೆ ಕೆಲಸ ನಿಂತರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡದೆ ಮುಂದೆ ನೀರು ಇಳಿಯುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ 14 ದಿನ ಬದು ಕಟ್ಟಿ ನೀರು ನಿಲ್ಲಿಸಬೇಕು, ಸೆಂಟ್ರಿಂಗ್ ಬಾಡಿಗೆ ಉಳಿಸಲೆಂದು ಊರುಗಂಬಗಳನ್ನು ಅದಕ್ಕೆ ಮುಂಚೆ ತೆಗೆಸಬಾರದು. ತಾರಸಿಯ ಮೇಲ್ಮೈಗೆ ಗಾರೆ ಹಾಕುವಾಗ ಎಂಟು ಅಡಿಗೆ ಒಂದು ಇಂಚಿನಂತೆ ಇಳಿಜಾರು ಕೊಟ್ಟು, ಸಂಪು ಇರುವ ಮೂಲೆಯ ಕಡೆಗೆ ನೀರಿನ ಕೊಳವೆಯನ್ನು ಇಳಿಸಬೇಕು.