ಆರು ತಿಂಗಳಿಗೆ ಮುನ್ನ ಘನ ಆಹಾರಕ್ಕೆ ಅವಸರ ಬೇಡ

ಮಗು ರಾತ್ರಿ ಪದೇ ಪದೇ ಎದ್ದು ಅತ್ತರೆ ಹಾಲು ಸಾಲುತ್ತಿಲ್ಲವೆಂದು ಭಾವಿಸಿ, ನಾಲ್ಕು ತಿಂಗಳು ತುಂಬುವ ಮೊದಲೇ ಗಂಜಿ ತಿನ್ನಿಸಲು ಮುಂದಾಗುವವರು ದಯವಿಟ್ಟು ಇದನ್ನು ಓದಬೇಕು. ಆ ವಯಸ್ಸಿನ ಹೊಟ್ಟೆ ಬಹಳ ಚಿಕ್ಕದು. ತೆಳುವಾದ ಗಂಜಿ ಅದನ್ನು ತುಂಬಿದಷ್ಟೂ ಮಗು ಕುಡಿಯುವ ಹಾಲು ಕಡಿಮೆಯಾಗಿ, ತೂಕ ಏರುವ ಬದಲು ಬೆಳವಣಿಗೆಯೇ ಕುಂಠಿತವಾಗಬಹುದು.

ಕರುಳಿನ ವಿಷಯ ಇನ್ನೂ ಸೂಕ್ಷ್ಮವಾದುದು. ಎದೆಹಾಲಿನಲ್ಲಿರುವ, ಮಗುವಿಗೆ ತಾನಾಗಿ ಜೀರ್ಣಿಸಿಕೊಳ್ಳಲಾಗದ ಕೆಲವು ಸಕ್ಕರೆಗಳನ್ನು ಬೈಫಿಡೊಬ್ಯಾಕ್ಟೀರಿಯಾ ಎಂಬ ಉಪಕಾರಿ ಸೂಕ್ಷ್ಮಜೀವಿಗಳು ಬಳಸಿಕೊಂಡು ಕರುಳನ್ನು ತುಸು ಆಮ್ಲೀಯವಾಗಿಡುವುದರಿಂದ, ರೋಗಕಾರಕ ಜೀವಿಗಳು ಅಲ್ಲಿ ಸುಲಭವಾಗಿ ನೆಲೆಯೂರಲಾರವು. ಘನ ಆಹಾರ ಬಂದೊಡನೆ ಈ ಜೀವಿಸಮೂಹ ಬದಲಾಗತೊಡಗುತ್ತದೆ. ಮಲದ ಬಣ್ಣ, ವಾಸನೆಗಳು ಬದಲಾಗುವುದೂ ಆಗಲೇ, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ತೀರಾ ಬೇಗನೆ, ಅದರಲ್ಲೂ ಶುಚಿಯಿಲ್ಲದ ನೀರು ಅಥವಾ ಪಾತ್ರೆಯೊಂದಿಗೆ ಆರಂಭಿಸಿದರೆ ಭೇದಿಯ ಅಪಾಯ ಹೆಚ್ಚುತ್ತದೆ.

ಹಾಗೆಂದು ತಡಮಾಡುವುದೂ ತಪ್ಪು. ಹುಟ್ಟುವಾಗ ದೇಹದಲ್ಲಿದ್ದ ಕಬ್ಬಿಣದ ಸಂಗ್ರಹ ಆರು ತಿಂಗಳ ಸುಮಾರಿಗೆ ಕರಗುತ್ತ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 6 ತಿಂಗಳಿಗೆ ಪೂರಕ ಆಹಾರ ಆರಂಭಿಸಿ, ಎದೆಹಾಲನ್ನು 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಲು ಸೂಚಿಸುತ್ತದೆ. ವಯಸ್ಸಿನ ಜೊತೆಗೆ, ಮಗು ಕತ್ತನ್ನು ನೇರವಾಗಿ ನಿಲ್ಲಿಸಿ, ಆಸರೆಯಿಂದ ಕುಳಿತು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರದೂಡದೆ ನುಂಗುತ್ತಿದೆಯೇ ಎಂಬುದನ್ನೂ ಗಮನಿಸಿರಿ. ಬೇಳೆ, ಮೊಟ್ಟೆ, ಮಾಂಸದಂಥ ಕಬ್ಬಿಣವುಳ್ಳ ಆಹಾರವನ್ನು ಚೆನ್ನಾಗಿ ಬೇಯಿಸಿ, ನುಣ್ಣಗೆ ಮಾಡಿ, ಚಮಚ ಓರೆಮಾಡಿದರೂ ಥಟ್ಟನೆ ಸುರಿಯದಷ್ಟು ಗಟ್ಟಿಯಾಗಿ, ದಿನಕ್ಕೆ 2–3 ಬಾರಿ ಕೊಡಬಹುದು. ಉಪ್ಪು, ಸಕ್ಕರೆ ಬೇಡ. ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆಗೆ ಕಾರಣವಾಗಬಹುದಾದ ಜೇನುತುಪ್ಪವನ್ನಂತೂ 1 ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂಬಾರದು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಯಾವಾಗ ಆರಂಭಿಸಬೇಕೆಂಬುದನ್ನು ಮಕ್ಕಳ ವೈದ್ಯರೇ ನಿರ್ಧರಿಸಲಿ.