ಹೊಸ ಔಷಧದ ಪ್ರಯೋಗಕ್ಕೆ ಸಹಿ ಹಾಕುವ ಮುನ್ನ

ಹೃದಯ ವೈಫಲ್ಯದ ಜೊತೆಗೆ ಶ್ವಾಸಕೋಶದ ರಕ್ತನಾಳಗಳಲ್ಲೂ ಒತ್ತಡ ಏರಿರುವವರನ್ನು ಹೊಸ ಔಷಧದ ಪ್ರಯೋಗಕ್ಕೆ ಕರೆದಾಗ, ಆ ಒತ್ತಡ ಏರಿದ್ದು ಯಾವ ಕಾರಣದಿಂದ ಎಂಬುದನ್ನು ಮನೆಯವರು ಮೊದಲು ಕೇಳಿ ತಿಳಿದುಕೊಳ್ಳಬೇಕು. ಹೃದಯದ ಎಡಭಾಗ ಸೋತು ಅಥವಾ ಬಿಗಿದು ರಕ್ತ ಹಿಂದೆ ತಡೆದು ನಿಂತಾಗ ಏರುವ ಒತ್ತಡ ಬೇರೆ, ಶ್ವಾಸಕೋಶದ ಧಮನಿಗಳೇ ಕಿರಿದಾದಾಗ ಏರುವುದು ಬೇರೆ. ಎರಡನೆಯದಕ್ಕೆ ಬಳಸುವ ಸಿಲ್ಡೆನಾಫಿಲ್ ಮಾತ್ರೆಯನ್ನು ಹೃದಯ ಬಿಗಿದ ರೋಗಿಗಳಿಗೆ ಕೊಟ್ಟು ನೋಡಿದ, 2013ರಲ್ಲಿ ಪ್ರಕಟವಾದ ರಿಲ್ಯಾಕ್ಸ್ ಪ್ರಯೋಗದಲ್ಲಿ ಅವರ ವ್ಯಾಯಾಮದ ಶಕ್ತಿ ಹೆಚ್ಚಲಿಲ್ಲ. ಆದ್ದರಿಂದ ‘ಬೇರೆ ರೋಗಿಗಳಿಗೆ ಗುಣ ಕೊಟ್ಟಿದೆ’ ಎಂಬ ಮಾತೊಂದನ್ನೇ ನಂಬಿ ಒಪ್ಪುವುದು ಸರಿಯಲ್ಲ.

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಕೊಡುವುದು ಈ ಒತ್ತಡದ ಅಂದಾಜನ್ನು ಮಾತ್ರ. ಕುತ್ತಿಗೆ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ಹಾಕಿ ಅಳೆದಾಗ ಶ್ವಾಸಕೋಶದ ಧಮನಿಯ ಸರಾಸರಿ ಒತ್ತಡ 20 ಮಿ.ಮೀ. ಪಾದರಸಕ್ಕಿಂತಲೂ, ಎಡಭಾಗದ ಒತ್ತಡವನ್ನು ಸೂಚಿಸುವ ವೆಡ್ಜ್ ಅಳತೆ 15ಕ್ಕಿಂತಲೂ ಹೆಚ್ಚಿದ್ದರೆ ಕಾರಣ ಎಡಹೃದಯವೆಂದು ತಿಳಿಯುತ್ತದೆ. ಈ ಎರಡು ಅಂಕಿಗಳಿರುವ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ.

ಭಾರತದ ಔಷಧ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐಯಲ್ಲಿ ಪ್ರಯೋಗದ ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಅನುಮತಿಯನ್ನೂ ವಿಚಾರಿಸಿದ ಮೇಲೆ ಒಪ್ಪಿಗೆ ಪತ್ರವನ್ನು ಮನೆಗೆ ತಂದು, ಓದಬಲ್ಲವರು ಗಟ್ಟಿಯಾಗಿ ಓದಿ ಹೇಳಬೇಕು. ಅದರಲ್ಲಿ ವಾರ್ಷಿಕ ಆದಾಯ ಮತ್ತು ನಾಮಿನಿಯ ಹೆಸರು ಬರೆಯುವ ಜಾಗ ಕಂಡು ಹಲವರು ಬೆದರುತ್ತಾರೆ. ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ಕುರಿತ 2019ರ ಸರ್ಕಾರಿ ನಿಯಮಗಳೇ ಅದನ್ನು ಕೇಳುತ್ತವೆ, ನಾಮಿನಿಯ ಹೆಸರು ಪರಿಹಾರದ ಸಲುವಾಗಿ. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿ ಇರಬೇಕು. ಔಷಧದ ಬದಲು ಪ್ಲಸೀಬೊ (ಔಷಧವಿಲ್ಲದ ತೋರಿಕೆಯ ಮಾತ್ರೆ) ಸಿಗಬಹುದೇ, ನಡುವೆ ಬಿಟ್ಟರೆ ಈಗಿನ ಚಿಕಿತ್ಸೆ ಮುಂದುವರಿಯುತ್ತದೆಯೇ, ಪ್ರಯೋಗ ಬೆಂಗಳೂರಿನಲ್ಲಾದರೆ ಹೋಗಿಬರುವ ಖರ್ಚು ಯಾರದು ಎಂಬುದನ್ನೂ ಕೇಳಿಕೊಳ್ಳಿ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮಳೆಗಾಲದ ಪ್ರಯಾಣ ಸಣ್ಣ ಮಾತಲ್ಲ.

ಇಂಥ ಪ್ರಯೋಗಗಳಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಸಾಮಾನ್ಯ. ಸಮತಟ್ಟಾದ, ಸಾಮಾನ್ಯವಾಗಿ 30 ಮೀಟರ್ ಉದ್ದದ ಪಡಸಾಲೆಯಲ್ಲಿ ಅತ್ತಿತ್ತ ನಡೆಸುತ್ತಾರೆ. ದಣಿದರೆ ನಿಲ್ಲಬಹುದು, ಗೋಡೆಗೆ ಒರಗಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಡಾಕ್ಟರನ್ನು ಮೆಚ್ಚಿಸಲೆಂದು ಓಡಿದರೆ ಅಳತೆಯೇ ಕೆಡುತ್ತದೆ.

ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಒಂದೇ ತೂಕದ ಯಂತ್ರದ ಮೇಲೆ ನಿಂತು ಬರೆದಿಡಿ. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚಿದರೆ ನೀರು ತುಂಬುತ್ತಿರಬಹುದು, ಕೂಡಲೇ ಪ್ರಯೋಗದ ವೈದ್ಯರಿಗೆ ಫೋನ್ ಮಾಡಿ. ಆದರೆ ರಾತ್ರಿ ಉಸಿರು ಕಟ್ಟಿದರೆ ಅವರ ಉತ್ತರಕ್ಕೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಒಪ್ಪಿಗೆ ಪತ್ರದ ಪ್ರತಿ ತೋರಿಸಿ.