‘ಹೇಗೆ ಮಾಡಿದೆ, ಹೇಳು’

ಶಾಲೆ ಬಿಟ್ಟ ಮೇಲೆ ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ, ಮೂರನೇ ತರಗತಿಯ ಇಬ್ಬರು ಮಕ್ಕಳಿಗೆ ಲೆಕ್ಕ, ಓದು ಹೇಳಿಕೊಡುವುದು. ನಾನು ಸ್ವಯಂಸೇವಕಿಯಾಗಿ ಒಪ್ಪಿಕೊಂಡ ಕೆಲಸ ಇದು. ಶಿಕ್ಷಕರ ತರಬೇತಿ ನನಗಾಗಿಲ್ಲ. ಮೂರನೇ ತರಗತಿಯ ಲೆಕ್ಕ ತಾನೇ ಎಂಬ ಧೈರ್ಯವಿತ್ತು. ಲೆಕ್ಕ ಬರುತ್ತಿತ್ತು ನಿಜ, ಆದರೆ ಮಗು ಎಲ್ಲಿ ಎಡವುತ್ತಿದೆ ಎಂದು ನೋಡುವ ಕಣ್ಣು ನನಗಿರಲಿಲ್ಲ.

ಹುಡುಗಿ 52ರಲ್ಲಿ 27 ಕಳೆದು 35 ಎಂದು ಬರೆದಳು. ನಾನು ಅಡ್ಡಗೀಟು ಎಳೆದು, ಪಕ್ಕದಲ್ಲೇ ಬಿಡಿಸಿ ತೋರಿಸಿದೆ. ತಲೆಯಾಡಿಸಿದಳು. ಮುಂದಿನದು 81ರಲ್ಲಿ 46. ಉತ್ತರ 45 ಎಂದು ಬರೆದಳು. ಮತ್ತೆ ತೋರಿಸಿದೆ, ಮತ್ತೆ ತಲೆಯಾಡಿಸಿದಳು. ಹೀಗೇ ಒಂದು ತಿಂಗಳು ಹೋಯಿತು. ಈ ಮಗುವಿಗೆ ಗಮನವೇ ಇಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಂದು ದಿನ ಗೀಟು ಎಳೆಯುವ ಮುಂಚೆ, “ಇದನ್ನ ಹೇಗೆ ಮಾಡ್ದೆ ಪುಟ್ಟಿ, ಹೇಳು” ಅಂದೆ.

“ಐದರಲ್ಲಿ ಎರಡು ಹೋದ್ರೆ ಮೂರು. ಏಳರಲ್ಲಿ ಎರಡು ಹೋದ್ರೆ ಐದು.”

“ಮೇಲಿರೋದು ಎರಡಲ್ವಾ?”

“ಎರಡರಲ್ಲಿ ಏಳು ಹೋಗಲ್ಲ ಅಕ್ಕಾ. ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು.”

ಗಮನವಿಲ್ಲದ್ದೆಲ್ಲಿ ಬಂತು? ಹಿಂದೆಂದೋ ಕಲಿತ ನಿಯಮವೊಂದನ್ನು ಅವಳು ಒಂದು ಸಲವೂ ತಪ್ಪದೆ ಪಾಲಿಸುತ್ತಿದ್ದಳು. ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ಎಷ್ಟೋ ತಪ್ಪುಗಳಿಗೆ ಹೀಗೆ ಒಂದು ಖಚಿತ ಕ್ರಮವಿರುತ್ತದೆ ಎಂದು ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ತೋರಿಸಿದ್ದಾರೆ. ಅದನ್ನು ನಾನು ಓದಿದ್ದು ಆಮೇಲೆ.

ಮರುದಿನದ ಪಾಠಕ್ಕೆ ಕಡ್ಡಿಗಳನ್ನು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಒಯ್ದೆ. ಐದು ಕಟ್ಟು, ಎರಡು ಬಿಡಿ. “ನನಗೆ ಇಪ್ಪತ್ತೇಳು ಕೊಡು” ಎಂದೆ. ಎರಡು ಕಟ್ಟು ಕೊಟ್ಟಳು, ಎರಡು ಬಿಡಿಯನ್ನೂ ಕೊಟ್ಟಳು, ಅಲ್ಲಿಗೆ ನಿಂತಳು. ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಮಕ್ಕಳ ಉತ್ತರ ಬೆಳೆಯುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲಿ ಕಂಡುಕೊಂಡಿದ್ದರು. ನಾನು ಮನಸ್ಸಿನಲ್ಲೇ ಎಣಿಸುತ್ತಾ ಕೂತೆ. ಮೂರು ಸಾಲಲಿಲ್ಲ, ಇಪ್ಪತ್ತರ ತನಕ ಹೋಯಿತು. ಅವಳೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆದಳು.

ಅಂದಿನಿಂದ ‘ಪಕ್ಕದ ಮನೆಯಿಂದ ಸಾಲ ತಗೋ’ ಎನ್ನುವುದನ್ನು ಬಿಟ್ಟೆ. ಸಾಲ ಎಂದ ಮೇಲೆ ತೀರಿಸಬೇಕಲ್ಲ, ಇಲ್ಲಿ ತೀರಿಸುವುದೇ ಇಲ್ಲ. ‘ಕಟ್ಟು ಬಿಚ್ಚು’ ಎನ್ನುತ್ತೇನೆ. ನಡೆಯುವುದೂ ಅದೇ.

ಹುಡುಗನದು ಓದಿನ ತೊಡಕು. ಅವನೂ ನಾನೂ ಒಟ್ಟಿಗೆ ಗಟ್ಟಿಯಾಗಿ ಓದುತ್ತೇವೆ. ಧೈರ್ಯ ಬಂದಾಗ ಅವನು ಮೊಣಕೈಯಿಂದ ತಿವಿಯುತ್ತಾನೆ, ನಾನು ನಿಲ್ಲಿಸುತ್ತೇನೆ, ಅವನೊಬ್ಬನೇ ಮುಂದುವರಿಯುತ್ತಾನೆ. ಪದ ಸಿಕ್ಕಿಹಾಕಿಕೊಂಡರೆ ಸ್ವಲ್ಪ ಕಾದು ಹೇಳಿಬಿಡುತ್ತೇನೆ. ಒಂದು ಪದಕ್ಕಾಗಿ ಕಥೆ ಕೆಡಬಾರದು.

ಹೊಸದಾಗಿ ಸೇರುವವರಿಗೆ ನಾನು ಒತ್ತಿ ಹೇಳುವುದು, ಮೊದಲು ತರಗತಿಯ ಶಿಕ್ಷಕರನ್ನು ಕಂಡು ಅವರು ಯಾವ ವಿಧಾನದಲ್ಲಿ ಕಲಿಸುತ್ತಿದ್ದಾರೆ ಎಂದು ಕೇಳಿ. ಅಲ್ಲೊಂದು ಇಲ್ಲೊಂದು ಆದರೆ ಒದ್ದಾಡುವುದು ಮಗು. ನಾಲ್ಕು ಜನರಿಗೆ ಕಾಣುವಂಥ ಜಾಗದಲ್ಲೇ ಕೂತು ಪಾಠ ಮಾಡಿ. ಹೋಮ್‌ವರ್ಕ್ ನೀವು ಬರೆದುಕೊಡಬೇಡಿ. ಬರುತ್ತೇನೆ ಎಂದ ದಿನ ತಪ್ಪಿಸಬೇಡಿ. ಒಮ್ಮೆ ನಾನು ಹೇಳದೆ ತಪ್ಪಿಸಿದಾಗ ಹುಡುಗ ಮುಂದಿನ ಎರಡು ಪಾಠಗಳಲ್ಲಿ ಬಾಯೇ ಬಿಡಲಿಲ್ಲ.

ಹುಡುಗಿ ಈಗ ಮೂರಂಕಿಗೆ ಬಂದಿದ್ದಾಳೆ. ಮೊನ್ನೆ 403ರಲ್ಲಿ 178 ಕಳೆದು 325 ಬರೆದಳು. ಈ ಸಲ ಗೀಟು ಎಳೆಯದೆ ಕೇಳಿದೆ. “ಸೊನ್ನೆ ಒಂಬತ್ತಾಗುತ್ತೆ ಅಕ್ಕಾ” ಅಂದಳು. ಆಗುತ್ತದೆ, ಸರಿ. ಆದರೆ ಆ ಒಂಬತ್ತು ಎಲ್ಲಿಂದ ಬಂತು? ನಾಲ್ಕು ನಾಲ್ಕಾಗಿಯೇ ಉಳಿದಿತ್ತು. ನಿನ್ನೆ ರಾತ್ರಿ ಕೂತು ಹತ್ತು ಹತ್ತರ ಕಟ್ಟುಗಳನ್ನು ಸೇರಿಸಿ ನೂರರ ನಾಲ್ಕು ದೊಡ್ಡ ಕಟ್ಟು ಮಾಡಿದ್ದೇನೆ. ಜೊತೆಗೆ ಮೂರು ಬಿಡಿ ಕಡ್ಡಿ. ನಾಳೆ ಅವಳ ಮುಂದಿಟ್ಟು, ನೂರ ಎಪ್ಪತ್ತೆಂಟು ಕೊಡು ಎನ್ನುತ್ತೇನೆ.